ಹೊಸಬರು ಪಿವಿಪಿ ಅಂದರೆ ಹೆದರಿ ಓಡುತ್ತಾರೆ, ಏನು ಮಾಡಬಹುದು?

ನಿಮ್ಮ ಗಿಲ್ಡ್‌ಗೆ, ಅಂದರೆ ಗೇಮ್‌ನಲ್ಲಿ ಜೊತೆಯಾಗಿ ಆಡುವ ಗುಂಪಿಗೆ ಸೇರಿದ ಹೊಸಬರು ಕಂಪ್ಯೂಟರ್ ಆಡಿಸುವ ಶತ್ರುಗಳನ್ನು ಖುಷಿಯಾಗಿ ಹೊಡೆಯುತ್ತಾರೆ, ಆದರೆ ಎದುರಿಗೆ ನಿಜವಾದ ಆಟಗಾರ ಬಂದರೆ ಲಾಗ್‌ಔಟ್ ಆಗಿಬಿಡುತ್ತಾರೆ, ಒಂದೆರಡು ಸಲ ಸತ್ತ ಮೇಲೆ ಗೇಮ್ ಕಡೆ ತಲೆಯೇ ಹಾಕುವುದಿಲ್ಲ ಅಂತ ಬರೆದಿದ್ದೀರಿ. ಅವರನ್ನು ಪಿವಿಪಿಗೆ, ಅಂದರೆ ಆಟಗಾರರು ಆಟಗಾರರ ಎದುರೇ ಕಾದಾಡುವುದಕ್ಕೆ ಒಗ್ಗಿಸುವುದು ಹೇಗೆ ಅನ್ನೋದು ನಿಮ್ಮ ಪ್ರಶ್ನೆ.

ನಾನು ಈವ್ ಆನ್‌ಲೈನ್ ಅನ್ನುವ ಬಾಹ್ಯಾಕಾಶ ಹಡಗುಗಳ ಗೇಮ್ ಆಡುವವನು. ಹೊಸಬರನ್ನು ಕಟ್ಟಿಕೊಂಡು ಫ್ಲೀಟ್, ಅಂದರೆ ಹಡಗುಗಳ ಪಡೆ ನಡೆಸುವುದು ಆ ಗೇಮ್‌ನಲ್ಲಿ ನನಗೆ ತುಂಬಾ ಇಷ್ಟದ ಕೆಲಸ. ನೋಡಿ ನೋಡಿ ನನಗೆ ಅನ್ನಿಸಿದ್ದು ಇಷ್ಟು. ಸೋಲನ್ನು ಹೊಸಬರು ತಡೆದುಕೊಳ್ಳುತ್ತಾರೆ. ಯಾಕೆ ಸೋತೆ ಅಂತ ಗೊತ್ತಾಗದೇ ಹೋದರೆ, ಇಡೀ ಕಾದಾಟದಲ್ಲಿ ತನ್ನಿಂದ ಯಾರಿಗೂ ಉಪಯೋಗ ಆಗಲಿಲ್ಲ ಅನ್ನಿಸಿದರೆ, ಅದನ್ನು ತಡೆದುಕೊಳ್ಳೋಕೆ ಆಗುವುದಿಲ್ಲ.

ಈವ್ 2003ರಲ್ಲಿ ಬಂದ ಗೇಮ್, ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯದು. ಅಲ್ಲಿ ನಿಮ್ಮ ಹಡಗು ಸಿಡಿದರೆ ಹೋಯಿತು, ವಾಪಸ್ ಬರುವುದಿಲ್ಲ. ಅದರಲ್ಲಿದ್ದ ಸಾಮಾನು ಒಂದಷ್ಟು ಸುಟ್ಟುಹೋಗುತ್ತದೆ, ಉಳಿದದ್ದು ಹೊಡೆದವರ ಪಾಲು. ಇಷ್ಟು ಕಠಿಣವಾದ ಗೇಮ್‌ನಲ್ಲೂ ಸೇರಿದ ಮೊದಲ ವಾರವೇ ಪಿವಿಪಿಗೆ ಬಂದು, ಸತ್ತು, 'ಇನ್ನೊಂದು ಸಲ ಹೋಗೋಣ' ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ದೊಡ್ಡ ಕಾರಣ ಟ್ಯಾಕಲ್, ಅಂದರೆ ಎದುರಾಳಿ ತಪ್ಪಿಸಿಕೊಳ್ಳದಂತೆ ಹಿಡಿಯುವ ಕೆಲಸ.

ಈವ್‌ನಲ್ಲಿ ಏಟು ಜಾಸ್ತಿ ಬಿದ್ದರೆ ವಾರ್ಪ್ ಹಾಕಿ, ಅಂದರೆ ಭಾರಿ ವೇಗದಲ್ಲಿ ದೂರ ಹಾರಿ ತಪ್ಪಿಸಿಕೊಳ್ಳಬಹುದು. ಅದನ್ನು ತಡೆಯಲು ವಾರ್ಪ್ ಸ್ಕ್ರ್ಯಾಂಬ್ಲರ್ ಅನ್ನುವ ಉಪಕರಣ ಬೇಕು. ಅದು ಫ್ರಿಗೇಟ್ ಎಂಬ ಸಣ್ಣ, ಅಗ್ಗದ ಹಡಗಿಗೂ ಕೂರುತ್ತದೆ. ಅಂದರೆ ಮೊನ್ನೆ ಮೊನ್ನೆ ಸೇರಿದವನೂ ವರ್ಷಗಟ್ಟಲೆ ಆಡಿದವನ ದೊಡ್ಡ ಬ್ಯಾಟಲ್‌ಶಿಪ್ಪನ್ನು ವಾರ್ಪ್ ಆಗದಂತೆ ಹಿಡಿದು ನಿಲ್ಲಿಸಬಹುದು. ಅಷ್ಟರಲ್ಲಿ ಹಳಬರು ಬಂದು ಹೊಡೆಯುತ್ತಾರೆ. ಹೊಸಬ ಹಿಡಿಯದಿದ್ದರೆ ಬೇಟೆಯೇ ಇಲ್ಲ. ಇದು ಅವನನ್ನು ಸಮಾಧಾನ ಮಾಡಲು ಕೊಟ್ಟ ಕೆಲಸ ಅಲ್ಲ, ನಿಜವಾಗಿಯೂ ಬೇಕಾದ ಕೆಲಸ. ಆ ವ್ಯತ್ಯಾಸ ಹೊಸಬರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲ ಸಲ ಬಹುತೇಕ ಎಲ್ಲರೂ ಒಂದೇ ರೀತಿ ಸಾಯುತ್ತಾರೆ. ಗುರಿ ಕಂಡ ಕೂಡಲೇ ಅಪ್ರೋಚ್ ಒತ್ತಿ ನೇರವಾಗಿ ನುಗ್ಗುತ್ತಾರೆ. ನೇರವಾಗಿ ಬರುವ ಹಡಗಿಗೆ ಗುರಿಯಿಡಲು ದೊಡ್ಡ ಫಿರಂಗಿ ತಿರುಗಬೇಕಾಗಿಯೇ ಇಲ್ಲ, ಒಂದೆರಡು ಏಟಿಗೆ ಕಥೆ ಮುಗಿಯುತ್ತದೆ. ಓರೆಯಾಗಿ ಸುತ್ತು ಹಾಕುತ್ತಾ ಹತ್ತಿರ ಹೋಗಿ, ಆಮೇಲೆ ಗುರಿಯ ಸುತ್ತ ಬಿಗಿಯಾಗಿ ಆರ್ಬಿಟ್ ಮಾಡಿದರೆ ಆ ಫಿರಂಗಿಗಳು ಅಷ್ಟು ವೇಗವಾಗಿ ತಿರುಗಲಾರವು, ಏಟು ತಪ್ಪುತ್ತಾ ಹೋಗುತ್ತವೆ. ಇದನ್ನು ಮೊದಲೇ ಪಾಠ ಮಾಡಿದರೆ ತಲೆಗೆ ಹತ್ತುವುದಿಲ್ಲ. ಸತ್ತ ತಕ್ಷಣ, ಬಿಸಿ ಆರುವ ಮೊದಲು ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಆದ್ದರಿಂದ ಪ್ರತಿ ಕಾದಾಟದ ನಂತರ ಎರಡು ನಿಮಿಷ ಮಾತಾಡುವ ಅಭ್ಯಾಸ ಇಟ್ಟುಕೊಳ್ಳಿ. ಈವ್‌ನಲ್ಲಿ ಹಡಗು ಹೋದಾಗ ಕಿಲ್‌ಮೇಲ್ ಬರುತ್ತದೆ. ಯಾರು ಎಷ್ಟು ಡ್ಯಾಮೇಜ್ ಕೊಟ್ಟರು, ಹಡಗಿಗೆ ಏನೇನು ಕೂರಿಸಿದ್ದಿರಿ, ಎಲ್ಲಾ ಅದರಲ್ಲಿ ಇರುತ್ತದೆ. ಒಂದೇ ಹಡಗಿಗೆ ಶೀಲ್ಡ್ ಗಟ್ಟಿ ಮಾಡುವ ಸಾಮಾನೂ ಅಷ್ಟು, ಆರ್ಮರ್ ಗಟ್ಟಿ ಮಾಡುವ ಸಾಮಾನೂ ಅಷ್ಟು ಹಾಕಿ, ಯಾವುದೂ ಗಟ್ಟಿಯಾಗದೆ ಸಾಯುವುದನ್ನು ಅದರಲ್ಲೇ ತೋರಿಸಬಹುದು. ನಿಮ್ಮ ಗೇಮ್‌ನಲ್ಲೂ ಹೇಗೆ ಸತ್ತಿರಿ ಅಂತ ತೋರಿಸುವ ಡೆತ್ ರೀಕ್ಯಾಪ್, ರೀಪ್ಲೇ, ಕಾಂಬ್ಯಾಟ್ ಲಾಗ್ ಏನಾದರೂ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಜೊತೆಗೆ ಕೂತು ಓದಿ. ಎಲ್ಲರ ಎದುರು ಚಾಟ್‌ಗೆ ಹಾಕಿ ನಗಬೇಡಿ. ಹಾಗೆ ನಕ್ಕ ಗುಂಪುಗಳಲ್ಲಿ ಹೊಸಬರು ನಿಂತದ್ದನ್ನು ನಾನು ನೋಡಿಲ್ಲ.

ಕಳೆದುಕೊಳ್ಳುವ ಭಯಕ್ಕೆ ಒಂದೇ ಮದ್ದು, ಕಳೆದುಕೊಳ್ಳುವುದು ಅಗ್ಗ ಆಗಬೇಕು. ಈವ್‌ನ ಎಷ್ಟೋ ಕಾರ್ಪೊರೇಷನ್‌ಗಳು, ಅಂದರೆ ಅಲ್ಲಿನ ಗಿಲ್ಡ್‌ಗಳು, ಹೊಸಬರಿಗೆ ಫ್ರಿಗೇಟ್‌ಗಳನ್ನು ಪುಕ್ಕಟೆ ಕೊಡುತ್ತವೆ. ನಾನಂತೂ ಒಂದೊಂದೇ ಕೊಡುವುದಿಲ್ಲ, ಒಟ್ಟಿಗೆ ನಾಲ್ಕೈದು ಕೊಟ್ಟುಬಿಡುತ್ತೇನೆ. ಒಂದೇ ಇದ್ದರೆ ಅದನ್ನು ಜೋಪಾನ ಮಾಡಲು ಹೋಗಿ ಹಿಂದೆ ನಿಲ್ಲುತ್ತಾರೆ. ನಾಲ್ಕೈದು ಇದ್ದರೆ ಧೈರ್ಯವಾಗಿ ನುಗ್ಗುತ್ತಾರೆ. ಇನ್ನೊಂದು, ಈವ್‌ನಲ್ಲಿ ಕಾದಾಟ ಮುಗಿದ ಮೇಲೆ ಎದುರಾಳಿಗೆ 'ಜಿಎಫ್', ಅಂದರೆ ಒಳ್ಳೆ ಕಾದಾಟ ಅಂತ ಟೈಪ್ ಮಾಡುವ ರೂಢಿ ಇದೆ. ಸೋತವನೂ ಹಾಕುತ್ತಾನೆ. ಎಷ್ಟೋ ಸಲ ಹೊಡೆದವನೇ ಮೆಸೇಜ್ ಮಾಡಿ ಏನು ತಪ್ಪಾಯಿತು ಅಂತ ಹೇಳಿಕೊಡುತ್ತಾನೆ. ಆಟಗಾರರೇ 2004ರಲ್ಲಿ ಕಟ್ಟಿದ ಈವ್ ಯೂನಿವರ್ಸಿಟಿ ಅನ್ನುವ ಕಾರ್ಪೊರೇಷನ್ ಹೊಸಬರಿಗೆ ಕಲಿಸುವುದಕ್ಕೆಂದೇ ಇದೆ, ಇವತ್ತಿಗೂ ನಡೆಯುತ್ತಿದೆ. ಕಂಪನಿ ಮಾಡಿದ್ದಲ್ಲ ಅದು. ನಿಮ್ಮಂಥವರು ಮಾಡಿದ್ದು.

ಹಾಗಂತ ಕಂಪನಿಗಳ ಪಾಲು ಕಡಿಮೆ ಅಲ್ಲ. ಮೈಸೂರು ದಸರಾ ಕುಸ್ತಿಗೆ ಮೊದಲು ಪೈಲ್ವಾನರ ಜೋಡಿ ಕಟ್ಟುತ್ತಾರಲ್ಲ, ಮ್ಯಾಚ್‌ಮೇಕಿಂಗ್ ಅಂದರೆ ಅದೇ ಕೆಲಸ. ಸರಿಜೋಡಿ ಸಿಗದಿದ್ದರೆ ಅದು ಕುಸ್ತಿಯೇ ಅಲ್ಲ. ಹಳಬರು ಹೊಸ ಅಕೌಂಟ್ ಮಾಡಿಕೊಂಡು ಕೆಳಗಿನವರನ್ನು ಹೊಡೆಯುವ ಸ್ಮರ್ಫಿಂಗ್ ಈ ಜೋಡಿಯನ್ನೇ ಹಾಳು ಮಾಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ವಾಲ್ವ್ ಕಂಪನಿ ಡೋಟಾ 2ರಲ್ಲಿ ಇಂಥ 90,000 ಅಕೌಂಟ್‌ಗಳನ್ನು ಬ್ಯಾನ್ ಮಾಡಿತು. ಎಲ್ಲಾ ಕಂಪನಿಗಳೂ ಈ ವಿಷಯದಲ್ಲಿ ಇಷ್ಟೇ ಗಟ್ಟಿ ನಿಲ್ಲಬೇಕು.

ಫೋರ್ಟ್‌ನೈಟ್ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಅಲ್ಲಿ ಕ್ಷಣಮಾತ್ರದಲ್ಲಿ ಗೋಡೆ, ಮೆಟ್ಟಿಲು ಕಟ್ಟುವುದು ಬರದಿದ್ದರೆ ಹೊಸಬರಿಗೆ ಉಳಿಗಾಲವೇ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಕಟ್ಟುವುದೇ ಇಲ್ಲದ ಜೀರೋ ಬಿಲ್ಡ್ ತಂದರು. ಎಷ್ಟೋ ಜನ ಆಗ ವಾಪಸ್ ಬಂದರು. ಯಾವುದು ಬರದಿದ್ದರೆ ಹೊಸಬ ಆಟದೊಳಗೇ ಕಾಲಿಡಲಾರನೋ, ಅದನ್ನು ಬಿಟ್ಟು ಆಡಲು ಒಂದು ಜಾಗ ಕೊಟ್ಟರೆ ಸಾಕು.

ಪಿವಿಪಿಯನ್ನು ಪೂರ್ತಿ ಬೇರೆ ಮಾಡಿಬಿಟ್ಟರೆ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಅಲ್ಟಿಮಾ ಆನ್‌ಲೈನ್ 2000ದಲ್ಲಿ ಹಾಗೇ ಮಾಡಿತು. ಹೊಡೆದಾಟಕ್ಕೆ ಫೆಲುಕ್ಕಾ, ಶಾಂತಿಗೆ ಟ್ರಾಮೆಲ್ ಅಂತ ಲೋಕವನ್ನೇ ಎರಡು ಮಾಡಿತು. ಹೊಸಬರಿಗೆ ನೆಮ್ಮದಿ ಸಿಕ್ಕಿತು, ನಿಜ. ಆದರೆ ಶಾಂತಿಯಿಂದ ಹೊಡೆದಾಟಕ್ಕೆ ನಿಧಾನವಾಗಿ ಒಗ್ಗಿಕೊಳ್ಳಲು ನಡುವೆ ಮೆಟ್ಟಿಲುಗಳು ಇರಲಿಲ್ಲ. ನನಗೆ ಆಲ್ಬಿಯಾನ್ ಆನ್‌ಲೈನ್ ದಾರಿ ಮೇಲು ಅನ್ನಿಸುತ್ತದೆ. ಅಲ್ಲಿ ಹಳದಿ ವಲಯದಲ್ಲಿ ಯಾರಾದರೂ ಬೀಳಿಸಿದರೂ ಸಾಮಾನು ನಿಮ್ಮ ಹತ್ತಿರವೇ ಇರುತ್ತದೆ. ಕೆಂಪು, ಕಪ್ಪು ವಲಯಕ್ಕೆ ಹೋದರೆ ಮಾತ್ರ ಎಲ್ಲಾ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡಿದವರಿಗೂ ಇದು ಗೊತ್ತು. ಕೆಳಗಿನ ಟಿಯರ್‌ಗಳಲ್ಲಿ, ಅಂದರೆ ಹಂತಗಳಲ್ಲಿ, ಕಂಪ್ಯೂಟರ್ ಆಡಿಸುವ ಬಾಟ್‌ಗಳೇ ಜಾಸ್ತಿ, ಧೈರ್ಯ ಬರುತ್ತದೆ. ಆದರೆ ಅವು ಬಾಟ್ ಅಂತ ಗೇಮ್ ಬಾಯಿಬಿಟ್ಟು ಹೇಳುವುದಿಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಮೇಲಿನ ಟಿಯರ್‌ಗೆ ಬಂದಾಗ ಹುಡುಗರು ತಮಗೆ ಇದ್ದಕ್ಕಿದ್ದಂತೆ ಆಟವೇ ಮರೆತುಹೋಯಿತು ಅಂದುಕೊಳ್ಳುತ್ತಾರೆ.

ವಾಯ್ಸ್ ಚಾಟ್ ಬಗ್ಗೆಯೂ ಹೇಳಲೇಬೇಕು. ನಮ್ಮ ಕಡೆಯ ಎಷ್ಟೋ ಹುಡುಗರು ಇಂಗ್ಲಿಷ್, ಹಿಂದಿಯಲ್ಲಿ ಪಟಪಟ ಅಂತ ಕೂಗುವವರ ಮಧ್ಯೆ ಮೈಕ್ ಆನ್ ಮಾಡುವುದೇ ಇಲ್ಲ. ಹುಡುಗಿಯರು ದನಿ ತೆಗೆದರೆ ಏನೇನು ಮಾತು ಕೇಳಬೇಕಾಗುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ಬೈಯುವವನು ಎಷ್ಟೇ ಒಳ್ಳೆ ಆಟಗಾರನಾದರೂ ಗಿಲ್ಡ್‌ನಿಂದ ಹೊರಗೆ ಹಾಕಿ, ಎರಡನೇ ಮಾತು ಬೇಡ. ಡಿಸ್ಕಾರ್ಡ್‌ನಲ್ಲಿ ಒಂದು ಕನ್ನಡ ಚಾನೆಲ್ ಮಾಡಿ. ಮಾತಾಡಲು ಇಷ್ಟವಿಲ್ಲದವರು ಸುಮ್ನೆ ಕೇಳಿಸಿಕೊಂಡು ಪಿಂಗ್‌ನಲ್ಲೇ, ಅಂದರೆ ಬಟನ್ ಒತ್ತಿ ಜೊತೆಯವರಿಗೆ ಗುರುತು ತೋರಿಸುತ್ತಾ ಆಡಲಿ. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್‌ನ ಪಿಂಗ್ ನೋಡಿದರೆ ಬಾಯಿ ತೆರೆಯದೆಯೂ ಎಷ್ಟು ಚೆನ್ನಾಗಿ ಜೊತೆಯಾಗಿ ಆಡಬಹುದು ಅಂತ ತಿಳಿಯುತ್ತದೆ.

ನಿಮ್ಮ ಗಿಲ್ಡ್‌ನಲ್ಲಿ ಶುರು ಮಾಡುವುದಾದರೆ ವಾರಕ್ಕೆ ಒಂದು ಸಂಜೆ ಹೊಸಬರಿಗೇ ಅಂತ ಇಡಿ. ಸಾಮಾನು ಗಿಲ್ಡ್‌ನದ್ದೇ ಇರಲಿ. ಪ್ರತಿಯೊಬ್ಬರಿಗೂ ಒಂದೇ ಒಂದು ಕೆಲಸ ಹೇಳಿ: ನೀನು ಇವನನ್ನು ಹಿಡಿ, ನೀನು ಇವಳಿಗೆ ಹೀಲ್ ಮಾಡು. ಗೆದ್ದಿರಾ ಸೋತಿರಾ ಅಂತ ಕೇಳಬೇಡಿ, ಹೇಳಿದ ಕೆಲಸ ಆಯಿತಾ ಅಂತ ಕೇಳಿ. ಒಂದು ಗಂಟೆ ಹೊತ್ತು ಆಡಿಸಿ ನಿಲ್ಲಿಸಿಬಿಡಿ, ಇನ್ನೂ ಆಡೋಣ ಅಂತ ಅವರು ಎಷ್ಟೇ ಕೇಳಿದರೂ.