ಕೇಳಿ, ಹೇಳುತ್ತೇವೆ: ಐವತ್ತರ ಮೇಲೆ ಮೊದಲ ವೈನ್ ಟೇಸ್ಟಿಂಗ್

ಪ್ರಶ್ನೆ: ನನಗೆ 52 ವರ್ಷ. ಚಿಕ್ಕಬಳ್ಳಾಪುರದ ಹತ್ತಿರ ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ತೋಟವಿದೆ. ಇಷ್ಟು ವರ್ಷ ದ್ರಾಕ್ಷಿ ಬೆಳೆದೆನೇ ಹೊರತು ವೈನ್ ಬಾಯಿಗೆ ಇಟ್ಟವನಲ್ಲ. ಮಗಳು, ಅಳಿಯ ನಂದಿ ಬೆಟ್ಟದ ಕಡೆಯ ವೈನರಿಗೆ ಟೇಸ್ಟಿಂಗ್‌ಗೆ ಕರೆಯುತ್ತಿದ್ದಾರೆ. ಐದು ಬಗೆ ಕೊಡುತ್ತಾರಂತೆ. ಏನು ನೋಡಬೇಕು, ಹೇಗೆ ಕುಡಿಯಬೇಕು? ಈ ವಯಸ್ಸಿನಲ್ಲಿ ರುಚಿ ಹಿಡಿಯುವುದು ಬರುತ್ತದೆಯೇ?

ಉತ್ತರ: ಖಂಡಿತ ಬರುತ್ತದೆ. ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಕೊಯ್ಲಿಗೆ ಬಂದಿದೆಯೋ ಇಲ್ಲವೋ ಹೇಳುವವರು ನೀವು. ಆಗ ನೀವು ನೋಡುವುದು ತಿರುಳಿನ ಸಿಹಿ, ಹುಳಿ, ಸಿಪ್ಪೆ ಮತ್ತು ಬೀಜದ ಒಗರು. ವೈನ್‌ನಲ್ಲೂ ಹುಡುಕುವುದು ಇವನ್ನೇ. ಹೊಸದಾಗಿ ಸೇರುವುದು ಆಲ್ಕೋಹಾಲು, ಅದು ಗಂಟಲಲ್ಲಿ ಬಿಸಿಯಾಗಿ ಗೊತ್ತಾಗುತ್ತದೆ.

ಹಿಂದಿನ ದಿನ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ಮೂರು ಲೋಟ ಇಡಿ. ಒಂದರಲ್ಲಿ 200 ಮಿ.ಲೀ. ನೀರಿಗೆ ಅರ್ಧ ನಿಂಬೆಹಣ್ಣು. ಇನ್ನೊಂದರಲ್ಲಿ ಒಂದು ಚಮಚ ಟೀ ಪುಡಿಯನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದ್ದು. ಹಾಲು, ಸಕ್ಕರೆ ಬೇಡ. ಮೂರನೆಯದರಲ್ಲಿ ಎರಡು ಚಮಚ ಸಕ್ಕರೆ ಕದಡಿದ ನೀರು. ನಿಂಬೆ ನೀರಿಗೆ ಬಾಯಲ್ಲಿ ನೀರೂರುತ್ತದೆ, ಅದು ಹುಳಿ. ಟೀಗೆ ಒಸಡು, ಕೆನ್ನೆಯ ಒಳಭಾಗ ಒಣಗಿ ಬಿಗಿಯುತ್ತದೆ, ಎಳೆ ಅಡಿಕೆ ಅಗಿದ ಹಾಗೆ. ಅದು ಟ್ಯಾನಿನ್, ಅಂದರೆ ಒಗರು. ಈಗ ನಿಂಬೆ ನೀರಿಗೇ ಎರಡು ಚಮಚ ಸಕ್ಕರೆ ಕದಡಿ ಕುಡಿಯಿರಿ. ಹುಳಿ ಅಷ್ಟೇ ಇದ್ದರೂ ಕಡಿಮೆ ಅನ್ನಿಸುತ್ತದೆ. ಸಿಹಿ ವೈನ್ ಮೊದಲ ಸಲಕ್ಕೇ ಎಲ್ಲರಿಗೂ ಹಿಡಿಸುವುದು, ಡ್ರೈ ವೈನ್ ‘ಹುಳಿ ಹುಳಿ’ ಅನ್ನಿಸುವುದು ಇದರಿಂದಲೇ. ಡ್ರೈ ಎಂದರೆ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲಾಗಿದೆ ಎಂದಷ್ಟೇ ಅರ್ಥ, ಕೆಟ್ಟಿದೆ ಎಂದಲ್ಲ.

ಹೋಗುವ ದಿನ ಸೆಂಟು, ಮಲ್ಲಿಗೆ ಹೂವು ಬೇಡ. ಒಂದು ಗಂಟೆ ಮೊದಲಿನಿಂದ ಕಾಫಿ, ಎಲೆ ಅಡಿಕೆ ಬಿಡಿ. ಹಲ್ಲುಜ್ಜಿದ ತಕ್ಷಣ ರುಚಿ ನೋಡಬೇಡಿ. ಪೇಸ್ಟಿನ ನೊರೆ ಸಿಹಿಯನ್ನು ಅಡಗಿಸಿ ಕಹಿ ಎಬ್ಬಿಸುತ್ತದೆ. ನೆಗಡಿ ಇದ್ದರೆ ಭೇಟಿಯನ್ನೇ ಮುಂದಕ್ಕೆ ಹಾಕಿ. ನಾವು ರುಚಿ ಅನ್ನುವುದರಲ್ಲಿ ಹೆಚ್ಚಿನ ಪಾಲು ಮೂಗಿನದು. ವಯಸ್ಸಾದಂತೆ ಮಂಕಾಗುವುದೂ ಮೂಗೇ, ಆದರೆ ವಾಸನೆಗೆ ಹೆಸರು ಹಚ್ಚುವ ಅಭ್ಯಾಸದಿಂದ ಅದನ್ನು ಬಹಳಷ್ಟು ತುಂಬಿಕೊಳ್ಳಬಹುದು.

ಗ್ಲಾಸನ್ನು ಕಾಂಡದಲ್ಲಿ ಹಿಡಿಯಿರಿ, ಬುರುಡೆ ಹಿಡಿದರೆ ಕೈ ಬಿಸಿಗೆ ವೈನ್ ಕಾಯುತ್ತದೆ. ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ. ಎಳೆಯ ಬಿಳಿ ವೈನ್ ಕಂದು ತಿರುಗಿದ್ದರೆ ಗಾಳಿ ತಾಗಿ ಹಾಳಾಗಿರುವ ಸಾಧ್ಯತೆ ಹೆಚ್ಚು. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ಕೆಲವರು ಗುಣಮಟ್ಟದ ಗುರುತು ಅನ್ನುತ್ತಾರೆ. ಅದು ತಪ್ಪು, ಮುಖ್ಯವಾಗಿ ಆಲ್ಕೋಹಾಲಿನಿಂದ ಆಗುವುದು ಅದು. ಆಮೇಲೆ ಗ್ಲಾಸಿನ ತಳವನ್ನು ಮೇಜಿನ ಮೇಲೇ ಇಟ್ಟು ಸಣ್ಣಗೆ ನಾಲ್ಕು ಸುತ್ತು ತಿರುಗಿಸಿ. ಎತ್ತಿ ತಿರುಗಿಸಲು ಹೋದರೆ ಅಂಗಿ ಮೇಲೆ ಚೆಲ್ಲುತ್ತದೆ. ಮೂಗನ್ನು ಒಳಗಿಟ್ಟು ಚುಟುಕಾಗಿ ಎರಡು ಮೂರು ಸಲ ಮೂಸಿ. ಉದ್ದಕ್ಕೆ ಎಳೆದರೆ ಆಲ್ಕೋಹಾಲಿನ ಘಾಟು ಹೊಡೆದು ಮೂಗು ಸುಸ್ತಾಗುತ್ತದೆ. ಆಗ ನಿಮ್ಮ ತೋಳನ್ನೇ ಒಮ್ಮೆ ಮೂಸಿ ಮತ್ತೆ ಬನ್ನಿ.

ಅವರು ಹೇಳುವ ಬೆರ್ರಿ, ಬೇರೆ ದೇಶದ ಹಣ್ಣುಗಳ ಹೆಸರು ಗೊತ್ತಿರಬೇಕೆಂದಿಲ್ಲ. ನಿಮ್ಮ ನೆನಪಿನಲ್ಲಿರುವುದನ್ನೇ ಹೇಳಿ: ನೇರಳೆ, ಸೀಬೆ, ಹುಣಸೆ, ಮಳೆ ಬಿದ್ದ ಮಣ್ಣು. ಕ್ಯಾಬರ್ನೆ ಸಾವಿನ್ಯೋನ್ ಎಂಬ ಕೆಂಪು ವೈನ್‌ನಲ್ಲಿ ಹಲವು ಸಲ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ ಇರುತ್ತದೆ. ಅದು ಕಲ್ಪನೆಯಲ್ಲ, ಎರಡರಲ್ಲೂ ಇರುವುದು ಪೈರಜೀನ್ ಎಂಬ ಒಂದೇ ಬಗೆಯ ಅಂಶ. ಶಿರಾಜ್ ಎಂಬ ಇನ್ನೊಂದು ಕೆಂಪು ವೈನ್‌ನಲ್ಲಿ ಕರಿಮೆಣಸಿನ ವಾಸನೆ ಹುಡುಕಿ.

ಈಗ ಒಂದು ಚಮಚದಷ್ಟು ಬಾಯಿಗೆ. ಬಿಸಿ ಸಾರು ಸೊರ್ ಎಂದು ಹೀರುವಂತೆ ಸ್ವಲ್ಪ ಗಾಳಿ ಎಳೆದು, ಐದಾರು ಸೆಕೆಂಡು ಬಾಯೆಲ್ಲ ಓಡಾಡಿಸಿ, ಉಗುಳಿ. ಪಕ್ಕದಲ್ಲಿ ಪೀಕದಾನಿಯಂಥ ಪಾತ್ರೆ ಇಟ್ಟಿರುತ್ತಾರೆ. ಅದು ಅಮರ್ಯಾದೆಯಲ್ಲ, ಈ ಕೆಲಸದಲ್ಲಿರುವವರೆಲ್ಲ ಉಗುಳುತ್ತಾರೆ. ಲೆಕ್ಕ ನೋಡಿ: 50 ಮಿ.ಲೀ.ಯಂತೆ ಐದು ವೈನ್ ನುಂಗಿದರೆ 250 ಮಿ.ಲೀ., ಬಾಟಲಿಯ ಮೂರನೇ ಒಂದು ಪಾಲು. ಶೇ. 13 ಆಲ್ಕೋಹಾಲಿದ್ದರೆ ಅದು ಸುಮಾರು 25 ಗ್ರಾಂ, ಅಂದರೆ 30 ಮಿ.ಲೀ.ಯ ಎರಡೂವರೆ ಪೆಗ್ ವಿಸ್ಕಿಯಷ್ಟು. ಕುಡಿದು ಅಭ್ಯಾಸವೇ ಇಲ್ಲದವರಿಗೆ ಮೂರನೇ ಗ್ಲಾಸಿಗೇ ನಾಲಿಗೆ ಮಂಕಾಗುತ್ತದೆ. ರುಚಿ ನೋಡಲು ಹೋಗಿ ರುಚಿಯನ್ನೇ ಕಳೆದುಕೊಂಡಂತೆ. ಗಾಡಿ ಓಡಿಸುವವರು ಒಂದು ಗುಟುಕೂ ನುಂಗಬಾರದು, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಅಪರಾಧ.

ನಿಮ್ಮ ತೋಟದ ದ್ರಾಕ್ಷಿಗೂ ಅಲ್ಲಿ ಕೊಡುವುದಕ್ಕೂ ವ್ಯತ್ಯಾಸವೇನು ಎಂದು ಮನಸ್ಸಿಗೆ ಬಂದೇ ಬರುತ್ತದೆ. ಬೆಂಗಳೂರು ಬ್ಲೂ ಲ್ಯಾಬ್ರಸ್ಕಾ ಎಂಬ ಅಮೆರಿಕ ಮೂಲದ ದ್ರಾಕ್ಷಿ ಗುಂಪಿನದು. ಸಿಪ್ಪೆ ಹಿಸುಕಿದರೆ ತಿರುಳು ಜಾರಿ ಹೊರಬರುತ್ತದೆ, ದ್ರಾಕ್ಷಿ ಮಿಠಾಯಿಯ ಘಮವಿದೆ. ಆ ಘಮ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದ್ದು, ಮಿಠಾಯಿಗೂ ಅದನ್ನೇ ಹಾಕುತ್ತಾರೆ. ಡ್ರೈ ವೈನ್‌ನಲ್ಲಿ ಅದು ಎದ್ದು ಕಾಣುವುದರಿಂದ ಈ ಹಣ್ಣು ಹೆಚ್ಚಾಗಿ ಸಿಹಿ ಪೋರ್ಟ್ ಮಾದರಿಯ ವೈನ್‌ಗೂ ಜ್ಯೂಸಿಗೂ ಹೋಗುತ್ತದೆ. ಕ್ಯಾಬರ್ನೆ, ಶಿರಾಜ್ ವಿನಿಫೆರಾ ಜಾತಿಯವು: ಸಣ್ಣ ಕಾಳು, ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ಕೆಂಪು ವೈನ್‌ನ ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಸಿಪ್ಪೆ ಮತ್ತು ಬೀಜದಿಂದ. ಹಾಗೆಂದು ನಿಮ್ಮ ಹಣ್ಣು ಕೀಳಲ್ಲ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ, ಅದರ ದಾರಿ ಬೇರೆ ಅಷ್ಟೇ. ಸಾಧ್ಯವಾದರೆ ನಾಲ್ಕು ಕಾಳು ಜೇಬಲ್ಲಿಟ್ಟುಕೊಂಡು ಹೋಗಿ, ಅಲ್ಲಿನ ಬಳ್ಳಿಯ ಕಾಳಿನ ಪಕ್ಕ ಅಗಿದು ನೋಡಿ. ಎಲ್ಲ ವಿವರಣೆಗಿಂತ ಅದು ಬೇಗ ತಿಳಿಯುತ್ತದೆ.

ಪ್ರಶ್ನೆ: ಮನೆಗೆ ತಂದ ಕೆಂಪು ವೈನ್ ಕುಡಿದರೆ ಬರೀ ಘಾಟು. ‘ರೂಮ್ ಟೆಂಪರೇಚರ್’ನಲ್ಲೇ ಇಡಬೇಕು ಎಂದಿದ್ದರು. (ಕೋಲಾರ)

ಉತ್ತರ: ಆ ಮಾತು ಹುಟ್ಟಿದ್ದು ಚಳಿ ದೇಶದ ಕೋಣೆಯಲ್ಲಿ. ಕೆಂಪಿಗೆ ಬೇಕಾದದ್ದು 15–18 ಡಿಗ್ರಿ, ಬೇಸಿಗೆಯ ಕೋಲಾರದಲ್ಲಿ ಮನೆಯೊಳಗೇ 30. ಬಿಸಿಗೆ ಆಲ್ಕೋಹಾಲು ಮೊದಲು ಏಳುತ್ತದೆ. ಸುಮಾರು ಒಂದೂವರೆ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿ ವೈನ್‌ಗೆ ತದ್ವಿರುದ್ಧ: ಫ್ರಿಜ್‌ನಿಂದ ಕಾಲು ಗಂಟೆ ಮೊದಲೇ ಹೊರಗಿಡಿ, ತೀರಾ ತಣ್ಣಗಿದ್ದರೆ ವಾಸನೆಯೇ ಬರದು. ಹಾಗೆ ಮಾಡಿದರೂ ನೆನೆದ ಗೋಣಿಚೀಲ, ಬೂಸಲು ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ವಾಪಸ್ ಕೊಡಿ. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಗೆಳತಿಯರ ಜೊತೆ ಟೇಸ್ಟಿಂಗ್‌ಗೆ ಹೋಗಬಹುದೇ? (ಚಿಂತಾಮಣಿ)

ಉತ್ತರ: ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಮಾತ್ರೆಯ ಚೀಟಿ ತೋರಿಸಿಯೇ ಕೇಳಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಆಲ್ಕೋಹಾಲಿನಿಂದ ಸಕ್ಕರೆ ಗಂಟೆಗಳ ನಂತರ, ನಿದ್ದೆಯಲ್ಲೂ ಕುಸಿಯಬಹುದು. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ನಡೆಯುತ್ತಿದ್ದರೆ ಬೇಡವೇ ಬೇಡ, ಮುಗಿದ ಮೂರು ದಿನದವರೆಗೂ. ನಿದ್ದೆ ಮಾತ್ರೆ ಇದ್ದರೂ ಬೇಡ. ಆರೋಗ್ಯಕ್ಕೆ ಒಳ್ಳೆಯದೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಡಾಕ್ಟರ್ ಬೇಡ ಎಂದರೂ ಗೆಳತಿಯರ ಜೊತೆ ಹೋಗಿ, ಮೂಸಿ ನೋಡಿ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಮೂಗಿನಲ್ಲೇ ಮುಗಿಯುತ್ತದೆ.

ಪ್ರಶ್ನೆ: ಬಸ್ಸಾರು, ಮುದ್ದೆಯ ಜೊತೆ ಯಾವ ವೈನ್? (ಗೌರಿಬಿದನೂರು)

ಉತ್ತರ: ಒಗರಿನ ಕೆಂಪು ಬೇಡ, ಖಾರ ಇನ್ನಷ್ಟು ಉರಿಯುತ್ತದೆ. ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಚೆನ್ನಾಗಿ ತಣಿಸಿ ಕೊಡಿ. ಅವರೆಕಾಳು ಹುರಿದದ್ದಕ್ಕೂ ಅದೇ ಹೊಂದುತ್ತದೆ.