17 ವರ್ಷ ಯಾಕೆ ಬೇಕಾಯಿತು? ಸಂಪಾದಕರ ಉತ್ತರ

ನಮಸ್ಕಾರ.

ಟಾಮಿ ಡಗ್ಲಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಉದ್ದನೆಯ ಪತ್ರ ತಲುಪಿತು. ತುಂಬ ಖುಷಿಯಾಯಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಬೇರೆ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಡಗ್ಲಸ್ ಕೆನಡಾದ ಸಸ್ಕಾಚೆವನ್ ಪ್ರಾಂತ್ಯಕ್ಕೆ 1944ರಿಂದ 1961ರವರೆಗೆ ಪ್ರೀಮಿಯರ್ ಆಗಿದ್ದವರು. ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ಡಾಕ್ಟರ ಫೀಸನ್ನು ಎಲ್ಲರ ಪರವಾಗಿ ಸರ್ಕಾರವೇ ಕೊಡುವ ಮೆಡಿಕೇರ್ ಅಲ್ಲಿ ಶುರುವಾದದ್ದು 1962ರಲ್ಲಿ, ಅವರು ಹುದ್ದೆ ಬಿಟ್ಟ ಮೇಲೆ. "ಹಾಗಿದ್ದ ಮೇಲೆ ಅದರ ಕೀರ್ತಿ ಅವರಿಗೆ ಯಾಕೆ? 17 ವರ್ಷ ಕುರ್ಚಿಯಲ್ಲಿ ಕೂತವರು ಮೊದಲೇ ಯಾಕೆ ಮಾಡಲಿಲ್ಲ?" ಇದು ನಿಮ್ಮ ಮುಖ್ಯ ಪ್ರಶ್ನೆ. ಬುದ್ಧಿ ಕಡಿಮೆ ಎಂದು ಗುರುತಿಸಿದ ಕೆಲವರಿಗೆ ಸಂತಾನಹರಣ ಮಾಡಬೇಕು ಎಂದ ಅವರ 1933ರ ಪ್ರಬಂಧದ ವಿಷಯ ಎತ್ತಿದ್ದೀರಿ. ಆ ಪ್ರಾಂತ್ಯದ ಸಸ್ಕಟೂನ್‌ ನಗರದಲ್ಲಿರುವ ನಿಮ್ಮ ಮಗಳು ತಜ್ಞ ಡಾಕ್ಟರನ್ನು ಕಾಣಲು ತಿಂಗಳುಗಟ್ಟಲೆ ಕಾದದ್ದನ್ನೂ ಬೇಸರದಿಂದ ಬರೆದಿದ್ದೀರಿ.

ಮುಖ್ಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನನ್ನ ಮಟ್ಟಿಗೆ ಡಗ್ಲಸ್ ದೊಡ್ಡವರಾಗುವುದು ಆ 17 ವರ್ಷಗಳನ್ನು ಬಳಸಿದ ರೀತಿಯಿಂದಲೇ. ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕೆ ಕಾಯಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಸ್ಪತ್ರೆಯ ಬಿಲ್ಲಿನ ಭಯ ಅವರಿಗೆ ಪುಸ್ತಕ ಓದಿ ಬಂದದ್ದಲ್ಲ. 1904ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ಹುಟ್ಟಿದ ಹುಡುಗ, ಅಪ್ಪ ಎರಕದ ಕೆಲಸದವರು. ಚಿಕ್ಕವನಿದ್ದಾಗ ಬಿದ್ದು ಕಾಲಿಗೆ ಏಟಾಯಿತು, ಮೂಳೆಗೆ ಸೋಂಕು ಹತ್ತಿತು. ಕುಟುಂಬ ಕೆನಡಾದ ವಿನಿಪೆಗ್‌ಗೆ ಬಂದ ಮೇಲೆ ಅದು ಮತ್ತೆ ಕೆರಳಿತು. ಕಾಲು ಕತ್ತರಿಸಬೇಕು ಎಂದರು ಡಾಕ್ಟರು. ತಜ್ಞರ ಹತ್ತಿರ ಹೋಗಲು ಮನೆಯಲ್ಲಿ ದುಡ್ಡಿರಲಿಲ್ಲ. ಅಷ್ಟರಲ್ಲಿ ಒಬ್ಬ ಮೂಳೆ ತಜ್ಞರು ವಾರ್ಡಿನಲ್ಲಿ ಹುಡುಗನನ್ನು ನೋಡಿದರು. ವಿದ್ಯಾರ್ಥಿಗಳಿಗೆ ಪಾಠ ಮಾಡಲು ಈ ಕೇಸು ಕೊಟ್ಟರೆ ಪುಕ್ಕಟೆ ಆಪರೇಷನ್ ಮಾಡುತ್ತೇನೆ ಎಂದರು. ಕಾಲು ಉಳಿಯಿತು. ಅದೇ ಹುಡುಗ ಮುಂದೆ ಬಾಕ್ಸಿಂಗ್‌ನಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಚಾಂಪಿಯನ್ ಆದ. ಒಬ್ಬ ಡಾಕ್ಟರ ಒಳ್ಳೆ ಮನಸ್ಸು, ಸ್ವಲ್ಪ ಅದೃಷ್ಟ, ಇವೆರಡರ ಮೇಲೆ ಒಂದು ಮಗುವಿನ ಕಾಲು ನಿಲ್ಲಬಾರದು ಎಂದು ಡಗ್ಲಸ್ ಜೀವನವಿಡೀ ಹೇಳುತ್ತಿದ್ದರು.

1930ರಲ್ಲಿ ಅವರು ಸಸ್ಕಾಚೆವನ್‌ನ ವೇಬರ್ನ್ ಎಂಬ ಊರಿಗೆ ಬ್ಯಾಪ್ಟಿಸ್ಟ್ ಪಾದ್ರಿಯಾಗಿ ಹೋದರು. ಗೋಧಿಯ ಬೆಲೆ ನೆಲ ಕಚ್ಚಿತ್ತು. ಮಳೆ ಕೈಕೊಟ್ಟಿತ್ತು. ಹೊಲದ ಮಣ್ಣೇ ಗಾಳಿಗೆ ಹಾರಿಹೋಗುತ್ತಿತ್ತು. ಸುಮ್ನೆ ಉಪದೇಶ ಮಾಡಿದರೆ ಹೊಟ್ಟೆ ತುಂಬುವುದಿಲ್ಲ ಅನ್ನಿಸಿ ರಾಜಕೀಯಕ್ಕೆ ಬಂದರು. 1934ರಲ್ಲಿ ಪ್ರಾಂತ್ಯದ ಚುನಾವಣೆಯಲ್ಲಿ ಸೋತರು, ಮರುವರ್ಷ ಸಂಸತ್ತಿಗೆ ಗೆದ್ದರು. 1944ರಲ್ಲಿ ಅವರ ಪಕ್ಷ ಸಿಸಿಎಫ್ 52 ಸ್ಥಾನಗಳಲ್ಲಿ 47 ಗೆದ್ದಿತು. ಸಮಾಜವಾದಿ ಪಕ್ಷವೊಂದು ಕೆನಡಾದಲ್ಲಿ ಸರ್ಕಾರ ಮಾಡಿದ್ದು ಅದೇ ಮೊದಲು.

ಈಗ ನಿಮ್ಮ "ಮೊದಲೇ ಯಾಕೆ ಮಾಡಲಿಲ್ಲ" ಎಂಬ ಮಾತಿಗೆ ಬರೋಣ. ಪ್ರಾಂತ್ಯ ಸಾಲದಲ್ಲಿ ಮುಳುಗಿತ್ತು. ಜನ ಹತ್ತು ಲಕ್ಷಕ್ಕೂ ಕಡಿಮೆ, ಅವರೂ ಹಳ್ಳಿಗಳಲ್ಲಿ ಚದುರಿ ಹೋದವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಡಗ್ಲಸ್ ಅಕ್ಷರಶಃ ಪಾಲಿಸಿದರು. ಹಣಕಾಸು ಮಂತ್ರಿ ಕ್ಲಾರೆನ್ಸ್ ಫೈನ್ಸ್ ಅವರನ್ನು ಪಕ್ಕದಲ್ಲಿಟ್ಟುಕೊಂಡು ವರ್ಷವರ್ಷವೂ ಉಳಿತಾಯದ ಬಜೆಟ್ ಮಂಡಿಸಿ ಸಾಲ ಇಳಿಸಿದರು. ಆರೋಗ್ಯ ಖಾತೆಯನ್ನು ಮೊದಲ ಐದು ವರ್ಷ ತಾವೇ ಇಟ್ಟುಕೊಂಡರು. ಗೆದ್ದ ಕೆಲವೇ ತಿಂಗಳಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯ ಚರಿತ್ರೆಯ ಪ್ರೊಫೆಸರ್ ಹೆನ್ರಿ ಸಿಗೆರಿಸ್ಟ್ ಅವರನ್ನು ಕರೆಸಿ ಪ್ರಾಂತ್ಯದ ಆರೋಗ್ಯ ಸ್ಥಿತಿಯ ವರದಿ ಬರೆಸಿದರು. ಅದೇ ಸಿಗೆರಿಸ್ಟ್ ಅದೇ ವರ್ಷ ಭಾರತಕ್ಕೂ ಬಂದು, ಇಲ್ಲಿನ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಎಂದು ಹೇಳಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿಗೆ ಸಲಹೆ ಕೊಟ್ಟರು. 1946ರ ಭೋರ್ ವರದಿ ನಮ್ಮಲ್ಲಿ ಏನಾಯಿತು ಎಂಬುದು ಬೇರೆಯೇ ಕಥೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೊದಲ ಹೆಜ್ಜೆಯಾಗಿ ಪಿಂಚಣಿಯವರಿಗೆ ಪುಕ್ಕಟೆ ಚಿಕಿತ್ಸೆ, ಕ್ಯಾನ್ಸರ್ ಮತ್ತು ಮಾನಸಿಕ ಕಾಯಿಲೆಗೆ ಸರ್ಕಾರದ ಖರ್ಚು. ಆಮೇಲೆ 1947ರ ಜನವರಿ 1ರಂದು ಆಸ್ಪತ್ರೆ ವಿಮೆ ಶುರುವಾಯಿತು. ತಲೆಗೆ ವರ್ಷಕ್ಕೆ 5 ಡಾಲರ್, ಮನೆಯಲ್ಲಿ ಎಷ್ಟೇ ಜನರಿದ್ದರೂ 30 ಮೀರುವಂತಿಲ್ಲ. ಅಷ್ಟು ಕಟ್ಟಿದರೆ ಆಸ್ಪತ್ರೆಯ ಹಾಸಿಗೆ, ಆಪರೇಷನ್ ಕೋಣೆ, ಎಕ್ಸ್‌ರೇ ಯಾವುದಕ್ಕೂ ಬಿಲ್ ಇಲ್ಲ. ಇಡೀ ಪ್ರಾಂತ್ಯದ ಜನರಿಗೆ ಇಂಥ ವಿಮೆ ಉತ್ತರ ಅಮೆರಿಕದಲ್ಲೇ ಮೊದಲನೆಯದು.

ಡಾಕ್ಟರ ಫೀಸು ಮಾತ್ರ ಉಳಿದಿತ್ತು. ಅದನ್ನೂ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಿದರು. ಸ್ವಿಫ್ಟ್ ಕರೆಂಟ್ ಎಂಬ ಊರಿನ ಸುತ್ತಲಿನ ಜನ ಮತ ಹಾಕಿ ಒಪ್ಪಿದರು. 1946ರ ಜುಲೈನಿಂದ ಅಲ್ಲಿ ತೆರಿಗೆ ಹಣದಲ್ಲೇ ಎಲ್ಲರಿಗೂ ಡಾಕ್ಟರ ಸೇವೆ ಸಿಕ್ಕಿತು. ಡಾಕ್ಟರು ಓಡಿಹೋಗುತ್ತಾರೆ ಎಂದು ಹೆದರಿಸಿದವರಿದ್ದರು. ಹಳ್ಳಿಯ ರೋಗಿಯಿಂದ ದುಡ್ಡು ಬರುತ್ತದೋ ಇಲ್ಲವೋ ಎಂಬ ಚಿಂತೆ ತಪ್ಪಿದ್ದರಿಂದ ಅಲ್ಲಿ ಡಾಕ್ಟರ ಸಂಖ್ಯೆ ಹೆಚ್ಚೇ ಆಯಿತು. ಮುಂದೆ ವಾದ ಬಂದಾಗಲೆಲ್ಲ ತೋರಿಸಲು ಸರ್ಕಾರದ ಕೈಯಲ್ಲಿ ನಿಜವಾದ ಲೆಕ್ಕವಿತ್ತು.

ಆದರೂ ಅದನ್ನು ಪ್ರಾಂತ್ಯಕ್ಕೆಲ್ಲ ಹರಡಲಿಲ್ಲ, ಯಾಕೆಂದರೆ ಆಸ್ಪತ್ರೆ ವಿಮೆಯ ಭಾರವನ್ನೇ ಪ್ರಾಂತ್ಯ ಒಂಟಿಯಾಗಿ ಹೊರುತ್ತಿತ್ತು. 1957ರಲ್ಲಿ ರಾಜಧಾನಿ ಒಟ್ಟಾವಾದಲ್ಲಿ ಕೆನಡಾದ ಸಂಸತ್ತು ಕಾಯಿದೆ ಮಾಡಿ, ಮರುವರ್ಷದಿಂದ ಆಸ್ಪತ್ರೆ ಖರ್ಚಿನಲ್ಲಿ ಪಾಲು ಕೊಡತೊಡಗಿತು. ಸಸ್ಕಾಚೆವನ್‌ನ ಖಜಾನೆಗೆ ಉಸಿರಾಡಲು ಜಾಗ ಸಿಕ್ಕಿತು. 1959ರ ಡಿಸೆಂಬರ್‌ನಲ್ಲಿ ಡಗ್ಲಸ್ ರೇಡಿಯೊದಲ್ಲಿ ಮೆಡಿಕೇರ್ ಘೋಷಿಸಿದರು. 1960ರ ಚುನಾವಣೆಯನ್ನು ಅದೇ ವಿಷಯದ ಮೇಲೆ ಎದುರಿಸಿದರು. ಡಾಕ್ಟರ ಸಂಘ ಹಣ ಕೂಡಿಸಿ ವಿರುದ್ಧ ಪ್ರಚಾರ ಮಾಡಿತು. ಡಗ್ಲಸ್ ಐದನೇ ಸಲ ಗೆದ್ದರು. ದುಡ್ಡು ಬಂದ ಕೂಡಲೇ ಹೊರಟವರನ್ನು ತಡಮಾಡಿದರು ಎನ್ನುವುದು ಹೇಗೆ?

ಈ ನಡುವೆ ಕೈ ಕಟ್ಟಿ ಕೂತವರೂ ಅಲ್ಲ. 1947ರಲ್ಲಿ ಪ್ರಾಂತ್ಯದ ಹಕ್ಕುಗಳ ಕಾಯಿದೆ ಬಂತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗಿಂತ ಒಂದು ವರ್ಷ ಮುಂಚೆ. ಹೊಲದ ಮನೆಗಳಿಗೆ ಕರೆಂಟು ಬಂತು. 1944ರಲ್ಲಿ ಕೆಲವೇ ನೂರು ಮನೆಗಳಲ್ಲಿದ್ದದ್ದು 1950ರ ದಶಕ ಮುಗಿಯುವಷ್ಟರಲ್ಲಿ 50,000 ದಾಟಿತು. ಎಲ್ಲವೂ ಕೈ ಹಿಡಿಯಲಿಲ್ಲ. ಸರ್ಕಾರವೇ ನಡೆಸಿದ ಬೂಟಿನ ಕಾರ್ಖಾನೆ, ಚರ್ಮ ಹದ ಮಾಡುವ ಘಟಕ, ಉಣ್ಣೆ ಗಿರಣಿ ಮುಚ್ಚಿಹೋದವು. 1948ರಲ್ಲಿ ಸ್ಥಾನಗಳು 31ಕ್ಕೆ ಇಳಿದವು. ಡಗ್ಲಸ್ ನಷ್ಟದ ಬಾಬತ್ತನ್ನು ಕೈಬಿಟ್ಟು ವಿದ್ಯುತ್ತು, ಟೆಲಿಫೋನು, ವಿಮೆಗಳನ್ನು ಗಟ್ಟಿ ಮಾಡಿದರು.

ಪ್ರಬಂಧದ ವಿಷಯ. ನೀವು ಹೇಳಿದ್ದು ನಿಜ, ಅದನ್ನು ಯಾರೂ ಮುಚ್ಚಿಡಬಾರದು. 1933ರಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಬರೆದ ಎಂ.ಎ. ಪ್ರಬಂಧದಲ್ಲಿ ಅವರು ಬುದ್ಧಿ ಕಡಿಮೆ ಎಂದು ಗುರುತಿಸಿದವರನ್ನು ಬೇರೆ ಇಡಬೇಕು, ಕೆಲವರಿಗೆ ಸಂತಾನಹರಣ ಮಾಡಬೇಕು ಎಂದು ವಾದಿಸಿದ್ದರು. ಕ್ರೂರವಾದ ಮಾತು. ಆ ಕಾಲದಲ್ಲಿ ಅನೇಕರು ಹಾಗೇ ಯೋಚಿಸುತ್ತಿದ್ದರು ಎಂದು ಹೇಳಿ ಜಾರಿಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ 1936ರಲ್ಲಿ ಅವರು ಹಿಟ್ಲರನ ಜರ್ಮನಿ ನೋಡಿ ಬಂದರು. ಆಮೇಲೆ ಆ ಮಾತು ಮತ್ತೆ ಎತ್ತಲಿಲ್ಲ. ಆರೋಗ್ಯ ಖಾತೆ ಕೈಯಲ್ಲಿದ್ದಾಗ, ಸಂತಾನಹರಣಕ್ಕೆ ಅವಕಾಶ ಕೊಡಿ ಎಂಬ ಶಿಫಾರಸು ಮೇಜಿಗೆ ಬಂತು. ಡಗ್ಲಸ್ ಒಪ್ಪಲಿಲ್ಲ. ಪಕ್ಕದ ಆಲ್ಬರ್ಟಾ ಪ್ರಾಂತ್ಯದಲ್ಲಿ 1928ರಿಂದ 1972ರವರೆಗೆ ಅಂಥ ಕಾಯಿದೆ ಇತ್ತು. 2,800ಕ್ಕೂ ಜಾಸ್ತಿ ಜನ ಅದಕ್ಕೆ ಬಲಿಯಾದರು. ಸಸ್ಕಾಚೆವನ್‌ನಲ್ಲಿ ಅಂಥ ಕಾಯಿದೆಯೇ ಬರಲಿಲ್ಲ. ಆ ಪ್ರಬಂಧ ಬರೆದವನೂ ಆ ಶಿಫಾರಸನ್ನು ತಳ್ಳಿದವನೂ ಒಬ್ಬನೇ, ಅಲ್ವಾ? ಅವರನ್ನು ತೂಗುವಾಗ ಎರಡನ್ನೂ ತಕ್ಕಡಿಗೆ ಹಾಕಿ.

ನಿಮ್ಮ ಮಗಳು ಕಾದದ್ದಕ್ಕೆ ಸಮಜಾಯಿಷಿ ಕೊಡುವುದಿಲ್ಲ. ಕೆನಡಾದಲ್ಲಿ ತಜ್ಞರಿಗಾಗಿ ಕಾಯುವುದು ದೊಡ್ಡ ತೊಂದರೆ, ಅಲ್ಲಿನವರೇ ರೇಗುತ್ತಾರೆ. ಹಲ್ಲಿನ ಚಿಕಿತ್ಸೆ, ಅಂಗಡಿಯಲ್ಲಿ ಕೊಳ್ಳುವ ಔಷಧಿಯೂ ಮೆಡಿಕೇರ್ ಒಳಗೆ ಬರಲಿಲ್ಲ. ರೋಗಿ ಮತ್ತು ಡಾಕ್ಟರ ನಡುವಿನ ಹಣದ ಗೋಡೆ ಒಡೆಯುವುದು ಮೊದಲ ಹಂತ ಮಾತ್ರ, ಚಿಕಿತ್ಸೆ ಕೊಡುವ ವ್ಯವಸ್ಥೆಯನ್ನೇ ಬದಲಿಸುವುದು ಎರಡನೇ ಹಂತ ಎಂದು ಡಗ್ಲಸ್ ಕೊನೆಗಾಲದಲ್ಲಿ ಹೇಳುತ್ತಿದ್ದರು. ಆ ಎರಡನೇ ಹಂತ ಇನ್ನೂ ಬಾಕಿ ಇದೆ.

ಕೀರ್ತಿಯ ಮಾತಿನಲ್ಲಿ ನಿಮ್ಮ ಜೊತೆ ಅರ್ಧ ಒಪ್ಪುತ್ತೇನೆ. ಪಾಲು ತುಂಬ ಜನರದ್ದು. 1914ರಲ್ಲೇ ಸಾರ್ನಿಯಾ ಎಂಬ ಗ್ರಾಮೀಣ ಪುರಸಭೆಯ ರೈತರು ಡಾಕ್ಟರು ಊರು ಬಿಡದಂತೆ ತೆರಿಗೆ ಹಣದಿಂದ ವರ್ಷಕ್ಕೆ 1,500 ಡಾಲರ್ ಕೊಡಲು ಮುಂದೆ ಬಂದಿದ್ದರು. ಎಲ್ಲಕ್ಕಿಂತ ದೊಡ್ಡ ಪಾಲು ವುಡ್ರೋ ಲಾಯ್ಡ್ ಅವರದ್ದು. 1961ರ ನವೆಂಬರ್‌ನಲ್ಲಿ ಡಗ್ಲಸ್ ಹೊಸ ಪಕ್ಷ ಎನ್‌ಡಿಪಿಯ ನಾಯಕರಾಗಿ ಒಟ್ಟಾವಾ ರಾಜಕೀಯಕ್ಕೆ ಹೋದರು. ಮೇಷ್ಟ್ರಾಗಿದ್ದ ಲಾಯ್ಡ್ ಆ ಜಾಗಕ್ಕೆ ಬಂದರು. 1962ರ ಜುಲೈ 1ರಂದು ಮೆಡಿಕೇರ್ ಜಾರಿಯಾದ ದಿನವೇ ಹೆಚ್ಚಿನ ಡಾಕ್ಟರು ಬಾಗಿಲು ಹಾಕಿದರು. ಮುಷ್ಕರ 23 ದಿನ ನಡೆಯಿತು. ಲಾಯ್ಡ್ ಬ್ರಿಟನ್ನಿನಿಂದ ಡಾಕ್ಟರನ್ನು ಕರೆಸಿದರು, ಬೈಗುಳ ತಿಂದರು, ಕಾಯಿದೆ ಬಿಟ್ಟುಕೊಡಲಿಲ್ಲ. ಜುಲೈ 23ರಂದು ಸಸ್ಕಟೂನ್‌ನಲ್ಲಿ ಒಪ್ಪಂದವಾಯಿತು. ಡಗ್ಲಸ್ ಹಿಂದಿನ ತಿಂಗಳು ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ ಸಂಸತ್ತಿನ ಚುನಾವಣೆ ಸೋತಿದ್ದರು. ಡಾಕ್ಟರ ಸಿಟ್ಟಿಗೆ ಅವರೂ ಬೆಲೆ ತೆತ್ತರು. 1964ರಲ್ಲಿ ಲಾಯ್ಡ್ ಸರ್ಕಾರವೂ ಸೋತಿತು. ಗೆದ್ದು ಬಂದ ರಾಸ್ ಥ್ಯಾಚರ್ ಸಮಾಜವಾದದ ಕಡು ವಿರೋಧಿ, ಆದರೂ ಮೆಡಿಕೇರ್ ತೆಗೆಯುವ ಧೈರ್ಯ ಮಾಡಲಿಲ್ಲ. 1966ರಲ್ಲಿ ಸಂಸತ್ತು ದೇಶಕ್ಕೆಲ್ಲ ಕಾಯಿದೆ ಮಾಡಿತು. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದವು.

ಲಾಯ್ಡ್ ಬಗ್ಗೆ ಪ್ರತ್ಯೇಕ ಲೇಖನ ಮಾಡುವ ಆಸೆ ಇದೆ. ಮುಷ್ಕರದ ಆ ಜುಲೈನಲ್ಲಿ ಜನರೇ ಸೇರಿ ತೆರೆದ ಸಹಕಾರಿ ಕ್ಲಿನಿಕ್ ಒಂದು ಸಸ್ಕಟೂನ್‌ನಲ್ಲಿ ಇವತ್ತೂ ನಡೆಯುತ್ತಿದೆ. ನಿಮ್ಮ ಮಗಳು ಒಮ್ಮೆ ಹೋಗಿ ನೋಡಿ, ಅಲ್ಲಿನ ಹಳಬರನ್ನು ಮಾತಾಡಿಸಿ ಎರಡು ಪುಟ ಬರೆದು ಕಳಿಸಿದರೆ ಆ ಲೇಖನದ ಜೊತೆಗೇ ಹಾಕುತ್ತೇವೆ. ಫೋಟೊ ಇದ್ದರೆ ಇನ್ನೂ ಒಳ್ಳೆಯದು.

— ಸಂಪಾದಕ