ಹಿತ್ತಲ ಮರದಲ್ಲಿ ಬಾವಲಿ: ಕಡಿಸಬೇಕಾ, ಬಿಡಬೇಕಾ?

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿ. ಹಿತ್ತಲ ಆಲದ ಮರದ ತುಂಬ ದೊಡ್ಡ ಬಾವಲಿಗಳಿವೆ. ಕೇರಳದಿಂದ ನಿಫಾ ಸುದ್ದಿ ಬಂದಾಗಲೆಲ್ಲ ಊರಿನವರು ಮರ ಕಡಿಸಿ ಅಂತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಸು, ಕೋಳಿ ಇವೆ. ಏನು ಮಾಡೋಣ ಡಾಕ್ಟ್ರೇ?

ಉತ್ತರ: ಕಡಿಸಬೇಡಿ. ಬಾವಲಿ ಕೊಂಬೆಗೆ ಜೋತುಬಿದ್ದ ಮಾತ್ರಕ್ಕೆ ರೋಗ ಕೆಳಗಿಳಿಯುವುದಿಲ್ಲ. ನಿಮ್ಮ ಪಕ್ಕದ ರಂಗನತಿಟ್ಟಿನಲ್ಲೂ ಬೇಕಾದಷ್ಟಿವೆ, ಅಲ್ವಾ? ನಿಫಾ ಅನ್ನುವುದು ಬಾವಲಿಗಳಲ್ಲಿರುವ ಒಂದು ವೈರಸ್. ಅದು ನಮ್ಮವರೆಗೆ ಬರಲು ದಾರಿ ಬೇಕು. ಆ ದಾರಿ ಮಾಡಿಕೊಡುವವರು ಹೆಚ್ಚಾಗಿ ನಾವೇ.

1998ರಲ್ಲಿ ಮಲೇಷ್ಯಾದಲ್ಲಿ ಆದದ್ದು ಅದೇ. ಹಂದಿ ಸಾಕುವ ಶೆಡ್ಡಿನ ಪಕ್ಕದಲ್ಲೇ ಹಣ್ಣಿನ ಮರ ಬೆಳೆಸಿದ್ದರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣಿನಿಂದ ವೈರಸ್ ಹಂದಿಗೆ, ಹಂದಿಯಿಂದ ಕೆಲಸಗಾರರಿಗೆ ಹೋಯಿತು. ನೂರಕ್ಕೂ ಜಾಸ್ತಿ ಜನ ಸತ್ತರು. ಸುಮಾರು 10 ಲಕ್ಷ ಹಂದಿಗಳನ್ನು ಕೊಲ್ಲಬೇಕಾಯಿತು. ಬಾಂಗ್ಲಾದೇಶದಲ್ಲಿ ಹಂದಿಯೂ ಬೇಕಾಗಲಿಲ್ಲ. ಖರ್ಜೂರದ ಮರಕ್ಕೆ ಮಡಕೆ ಕಟ್ಟಿ ರಸ ಇಳಿಸುತ್ತಾರೆ, ನಮ್ಮಲ್ಲಿ ಈಚಲಿಗೆ ಕಟ್ಟುತ್ತಿದ್ದ ಹಾಗೆ. ರಾತ್ರಿ ಬಾವಲಿ ಬಂದು ನೆಕ್ಕುತ್ತದೆ, ಬೆಳಿಗ್ಗೆ ಜನ ಅದನ್ನೇ ಹಸಿಯಾಗಿ ಕುಡಿಯುತ್ತಾರೆ. ಕೋಳಿಕ್ಕೋಡಿನಲ್ಲಿ 2018ರಲ್ಲಿ ಮಾತ್ರ ಬಹಳಷ್ಟು ಮಂದಿಗೆ ಅಂಟಿದ್ದು ಆಸ್ಪತ್ರೆಯಲ್ಲಿ, ರೋಗಿಯಿಂದ.

ಹಾಗಾಗಿ ಬಾವಲಿ ಕಚ್ಚಿದ ಸೀಬೆ, ಸಪೋಟ, ಮಾವು ತಿನ್ನಬೇಡಿ, ದನಕ್ಕೂ ಹಾಕಬೇಡಿ. ನೀರಿನ ತೊಟ್ಟಿ ಮುಚ್ಚಿಡಿ. ಮೇವಿನ ಮೆದೆ ಆ ಮರದ ಕೆಳಗೆ ಬೇಡ. ಬಿದ್ದ ಬಾವಲಿಯನ್ನು ಮಕ್ಕಳು ಬರಿಗೈಯಲ್ಲಿ ಮುಟ್ಟದಿರಲಿ. ಮರ ಕಡಿದರೆ ಅವು ಸಾಯುವುದಿಲ್ಲ, ಪಕ್ಕದ ತೋಟಕ್ಕೆ ಹೋಗುತ್ತವೆ. ಹೆಂಡ್ರಾ ಅಂತ ನಿಫಾದ್ದೇ ಜಾತಿಯ ವೈರಸ್ ಆಸ್ಟ್ರೇಲಿಯಾದಲ್ಲಿದೆ. ಮೇವು ಸಿಗದೆ ಸೊರಗಿದ ಬಾವಲಿಗಳು ಅದನ್ನು ಜಾಸ್ತಿ ಹೊರಹಾಕುತ್ತವೆ ಅಂತ ಅಲ್ಲಿ ಕಂಡುಬಂದಿದೆ.

ಕೋಳಿ ವಿಷಯ ಬೇರೆ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹಕ್ಕಿಜ್ವರ ಬಂದಿತ್ತು. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ. ದಯವಿಟ್ಟು ನಾಲೆಗೆ ಎಸೆಯಬೇಡಿ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ನಿಮ್ಮ ಮಕ್ಕಳ ಬಗ್ಗೆ ನನಗೆ ಬಾವಲಿಗಿಂತ ಬೀದಿನಾಯಿಯ ಭಯವೇ ಜಾಸ್ತಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದರೂ ಸರಿ. ನಾಯಿ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದಪುಡಿ ಏನೂ ಮೆತ್ತಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಇಂಜೆಕ್ಷನ್ ಹಾಕಿಸಿ. ನಾಯಿಮರಿ ಪರಚಿದ್ದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಬಂದು ಹೇಳಿದರೆ ಮೊದಲು ಗಾಯ ತೊಳೆಯಿರಿ, ಬೈಯಬೇಡಿ.